ತಂದೆಯ ಎರಡು ಬಂದೂಕು, ನನ್ನದೊಂದು ಪಿಸ್ತೂಲು: ಮೂರೂ ಇಟ್ಟುಕೊಳ್ಳಬಹುದೇ?

ಕೊತ್ರೂಡ್‌ವಾಸಿ: ತಂದೆ ತೀರಿಕೊಂಡಿದ್ದಾರೆ. ಅವರ 12 ಬೋರ್ (ನಳಿಗೆಯ ಅಳತೆ) ಡಬಲ್ ಬ್ಯಾರಲ್ ಬಂದೂಕು ಮತ್ತು .22 ರೈಫಲ್ ಧಾರವಾಡದ ಮನೆಯಲ್ಲಿವೆ. ನನ್ನ ಪುಣೆ ಲೈಸೆನ್ಸಿನಲ್ಲಿ ಒಂದು .32 ಪಿಸ್ತೂಲಿದೆ. ಮೊದಲು ಮೂರಕ್ಕೆ ಅವಕಾಶವಿತ್ತಲ್ಲ, ವಾರಸಿಗೂ ಈಗ ಎರಡೇನಾ? ಅರ್ಜಿ ಎಲ್ಲಿ ಹಾಕಬೇಕು?

ಮಾಟುಂಗಾ ವಕೀಲ: ವಾರಸಿಗೂ ಎರಡೇ. 1959ರ ಆಯುಧ ಕಾಯ್ದೆ ಜಾರಿಯಾದದ್ದು 1962ರ ಅಕ್ಟೋಬರ್ 1ರಂದು. ಅದರಲ್ಲಿ ಮೂರರ ಮಿತಿ ಬಂದದ್ದು 1983ರ ತಿದ್ದುಪಡಿಯಿಂದ. 2019ರ ಮಸೂದೆ ಒಂದಕ್ಕೇ ಇಳಿಸಲು ಹೊರಟಿತ್ತು, ಕೊನೆಗೆ ಎರಡಕ್ಕೆ ನಿಂತಿತು. ವಾರಸಾಗಿ ಬಂದರೂ ಎರಡು ದಾಟಬಾರದೆಂದು ಕಲಂ 3(2)ರಲ್ಲೇ ಬರೆದಿರುವುದರಿಂದ ವಾದಕ್ಕೆ ಜಾಗವಿಲ್ಲ. ಆಯುಧ ಸಂವಿಧಾನದ ಕೇಂದ್ರ ಪಟ್ಟಿಯ, ಅಂದರೆ ಸಂಸತ್ತೇ ಕಾನೂನು ಮಾಡುವ ವಿಷಯ (5ನೇ ನಮೂದು). ಆದ್ದರಿಂದ ರಾಜ್ಯ ಬದಲಾದರೂ ಕಾನೂನು ಒಂದೇ.

ಅದಕ್ಕಿಂತ ತುರ್ತಿನ ಮಾತು: ಆ ಎರಡು ಬಂದೂಕು ಇನ್ನೂ ಮನೆಯಲ್ಲೇ ಇದ್ದರೆ ಇವತ್ತೇ ಏರ್ಪಾಡು ಮಾಡಿ. ಲೈಸೆನ್ಸ್ ತಂದೆಯವರ ಜೊತೆಗೇ ಮುಗಿಯಿತು. ಕಲಂ 21ರಂತೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಜಮಾ ಮಾಡಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕಲಂ 25(1ಬಿ) ಪ್ರಕಾರ ಎರಡರಿಂದ ಐದು ವರ್ಷ ಜೈಲು. ರಸೀದಿಯಲ್ಲಿ ತಯಾರಕರ ಹೆಸರು, ಬೋರ್, ಬ್ಯಾರಲ್ ಮೇಲೆ ಕೊರೆದ ನಂಬರ್, ಕಾಡತೂಸಿನ ಎಣಿಕೆ ಎಲ್ಲವೂ ಬರಲಿ. ಹಳೇ ಕೈಬರಹದ ಲೈಸೆನ್ಸುಗಳಲ್ಲಿ 1 ಹೋಗಿ 7 ಆಗಿರುತ್ತದೆ. ಅದನ್ನು ಅಲ್ಲೇ ತಾಳೆ ನೋಡಿ ತಿದ್ದಿಸದಿದ್ದರೆ ಪುಣೆಯಲ್ಲಿ ಫೈಲು ಮುಂದಕ್ಕೆ ಹೋಗುವುದಿಲ್ಲ.

ಡೆಕ್ಕನ್ ಜಿಮ್ಖಾನಾ: ಅರ್ಜಿ ನೀವು ವಾಸಿಸುವ ಊರಿನಲ್ಲಿ. ಕೊತ್ರೂಡ್ ಅಂದರೆ ಪುಣೆ ಸಿಟಿ ಪೊಲೀಸ್ ಕಮಿಷನರ್. (ಪಿಂಪ್ರಿ-ಚಿಂಚ್‌ವಡಕ್ಕೆ 2018ರಿಂದ ಬೇರೆ ಕಮಿಷನರೇಟ್ ಇದೆ, ಅಲ್ಲಿನವರು ಇಲ್ಲಿ ಬಂದು ಸುಮ್ಮನೆ ಅಲೆಯಬೇಡಿ.) ಬೇಕಾದದ್ದು: ಫಾರ್ಮ್ ಎ-1 (ಲೈಸೆನ್ಸ್ ಅರ್ಜಿ ನಮೂನೆ), ಮರಣ ಪ್ರಮಾಣಪತ್ರ, ತಂದೆಯವರ ಮೂಲ ಲೈಸೆನ್ಸ್, ಜಮಾ ರಸೀದಿ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್. ಮದುವೆಯಾಗಿ ಹೋದ ಅಕ್ಕ-ತಂಗಿಯರ ಸಹಿಯೂ ಬೇಕು. ಹೆಚ್ಚಿನ ಅರ್ಜಿಗಳು ವಾಪಸ್ ಬರುವುದು ಈ ಒಂದು ಸಹಿ ಇಲ್ಲದೆಯೇ.

ವಾಸ್ಕೊ ಶೂಟರ್: .22 ಮಾರುವ ಮುನ್ನ ಕಲಂ 3(3) ಓದಿ. ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲಿಗೆ ಆ ಎರಡರ ಮಿತಿ ಅನ್ವಯಿಸುವುದಿಲ್ಲ. ಆದರೆ ಲೈಸೆನ್ಸ್ ಬೇಕೇ ಬೇಕು.

ಕೊತ್ರೂಡ್‌ವಾಸಿ: ನಾನು ಯಾವ ಕ್ಲಬ್ಬಿನಲ್ಲೂ ಇಲ್ಲ. ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ.

ಮಾಟುಂಗಾ ವಕೀಲ: ಹಾಗಿದ್ದರೆ .22 ಅನ್ನು ತಮ್ಮನ ಹೆಸರಿಗೆ ಬಿಡಿ. ಅವರು ಅಲ್ಲಿಯೇ ಅರ್ಜಿ ಹಾಕಲಿ. 12 ಬೋರ್ ನಿಮ್ಮ ಲೈಸೆನ್ಸಿಗೆ ಸೇರಲಿ. ತಮ್ಮನಿಗೆ ಬೇಡವಾದರೆ ಜಮಾ ಇಟ್ಟಲ್ಲಿಂದಲೇ ಮಾರಲು ಕಲಂ 21 ಅವಕಾಶ ಕೊಡುತ್ತದೆ. ನಿಗದಿತ ಅವಧಿಯೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಲೈಸೆನ್ಸಿನಲ್ಲಿ 12 ಬೋರಿನ ನಮೂದು ಆಗುವವರೆಗೆ ಅದನ್ನು ಕಾರಿನಲ್ಲಿಟ್ಟು ಪುಣೆಗೆ ತರಲು ಹೋಗಬೇಡಿ. ನಮೂದಾದ ಮೇಲೂ ಲೈಸೆನ್ಸಿನ ವ್ಯಾಪ್ತಿ ಮಹಾರಾಷ್ಟ್ರಕ್ಕೆ ಮಾತ್ರವೋ ಇಡೀ ದೇಶಕ್ಕೋ ನೋಡಿಕೊಂಡೇ ಧಾರವಾಡಕ್ಕೆ ಹೊರಡಿ.