ಕ್ಲಬ್ಬಿನದೇ ಹೆಸರಿನಲ್ಲಿ ಕ್ರೀಡಾ ಉಡುಪು: ಸಾಧ್ಯವೇ?

ಪ್ರಶ್ನೆ (ಕುಂಬಳೆಯಿಂದ):
ಮಾನ್ಯರೇ, ನಮ್ಮ ಸೆವೆನ್ಸ್ (ಏಳು ಆಟಗಾರರ ಫುಟ್‌ಬಾಲ್) ತಂಡಕ್ಕೆ ಪ್ರತಿ ವರ್ಷವೂ ಹೊರಗಿನಿಂದ ಜೆರ್ಸಿ ಕೊಳ್ಳುವ ಬದಲು, ತಿರುಪ್ಪೂರಿನಲ್ಲಿ ಹೊಲಿಸಿ ಕ್ಲಬ್ಬಿನ ಹೆಸರಿನಲ್ಲೇ ಉಡುಪುಗಳನ್ನು ಮಾರಬೇಕೆಂಬ ಸಲಹೆ ಸಮಿತಿಯ ಮುಂದಿದೆ. ದೊಡ್ಡ ಕ್ಲಬ್ಬುಗಳು ಹೀಗೆ ಮಾಡಿದ್ದುಂಟೇ?

ಉತ್ತರ (ಮಂಜೇಶ್ವರದಿಂದ):
ಉಂಟು. ಇಂಗ್ಲೆಂಡಿನ ಸೌತಾಂಪ್ಟನ್ 1999ರಿಂದ ಕೆಲವು ವರ್ಷ ತನ್ನ ಉಡುಪನ್ನು ತಾನೇ ಮಾಡಿಸಿಕೊಂಡಿತ್ತು. ಬ್ರೆಜಿಲಿನ ಪೈಸಾಂಡು 2016ರಲ್ಲಿ ‘ಲೋಬೊ’ ಎಂಬ, ಬಾಹಿಯಾ 2018ರಲ್ಲಿ ‘ಎಸ್ಕ್ವಾಡ್ರಾವ್’ ಎಂಬ ಸ್ವಂತ ಬ್ರ್ಯಾಂಡುಗಳನ್ನು ಆರಂಭಿಸಿದವು. ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರೆ ಪ್ರತಿ ಜೆರ್ಸಿಯ ಬೆಲೆಯಲ್ಲಿ ಒಂದು ಪಾಲಷ್ಟೇ ಕ್ಲಬ್ಬಿಗೆ ದಕ್ಕುತ್ತದೆ; ಸ್ವಂತ ಬ್ರ್ಯಾಂಡಿನಲ್ಲಿ ಲಾಭವೂ ಕ್ಲಬ್ಬಿನದೇ, ಮಾರಾಟವಾಗದೆ ಉಳಿದ ಮೂಟೆಯೂ ಕ್ಲಬ್ಬಿನದೇ.

ಉತ್ತರ (ಉಪ್ಪಳದಿಂದ):
ಆ ಮೂಟೆಯ ಅನುಭವ ನಮಗಿದೆ. ಅಳತೆಗಳನ್ನು ಅಂದಾಜಿನ ಮೇಲೆ ಬರೆದುಕೊಟ್ಟ ಕಾರಣ ಉಳಿದುಹೋದ ದೊಡ್ಡ ಜೆರ್ಸಿಗಳು ಇಂದಿಗೂ ನಮ್ಮ ಮನೆಯ ಅಟ್ಟದಲ್ಲಿವೆ. ಮುಂಗಡ ಹಣ ಪಡೆದ ಮೇಲೆಯೇ ಹೊಲಿಯಲು ಕೊಡಿ. ಬಿಸಿಯಿಂದ ಬಣ್ಣವನ್ನು ಬಟ್ಟೆಗೆ ಇಳಿಸುವ ಸಬ್ಲಿಮೇಶನ್ ಮುದ್ರಣವು ಪಾಲಿಯೆಸ್ಟರಿಗೆ ಚೆನ್ನಾಗಿ ಹಿಡಿಯುತ್ತದೆ, ಹತ್ತಿಗೆ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಉತ್ತರ (ಕಾಸರಗೋಡಿನಿಂದ):
ಉಡುಪುಗಳಿಗೆ ಸಂಬಂಧಿಸಿದ 25ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ನೋಂದಣಿಗೆ ಮೊದಲೇ ಅರ್ಜಿ ಹಾಕಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೆಸರನ್ನು ಕನ್ನಡ, ಮಲಯಾಳ ಎರಡೂ ಲಿಪಿಗಳಲ್ಲಿ ಮುದ್ರಿಸಬೇಕೇ ಎಂಬ ಚರ್ಚೆಯೇ ಸಮಿತಿಯಲ್ಲಿ ಇನ್ನೂ ಮುಗಿದಿಲ್ಲ.