ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಏಕೆ ಓಡುವುದಿಲ್ಲ?

ಪ್ರಶ್ನೆ (ಮೂಡಿಗೆರೆ):
ನಮ್ಮ ಕಾಫಿ ತೋಟದ ಮಳೆಯ ದಾಖಲೆ ಮತ್ತು ಆಳುಗಳ ಹಾಜರಿ ಲೆಕ್ಕ ಲಿನಕ್ಸ್ ಗಣಕದಲ್ಲಿದ್ದು, ಪ್ರತಿದಿನ ಸಂಜೆ 6.30ಕ್ಕೆ ಅದರ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆಯಲು, ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಎಂಬ ವ್ಯವಸ್ಥೆಯ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ 30 18 * * * ಎಂದು ಬರೆದು ಸ್ಕ್ರಿಪ್ಟಿನ (ಆದೇಶಗಳನ್ನು ಬರೆದಿಟ್ಟ ಫೈಲಿನ) ಹೆಸರು ಕೊಟ್ಟಿದ್ದೇನೆ. ನಾನೇ ಓಡಿಸಿದರೆ ಪ್ರತಿ ಬರುತ್ತದೆ, ಕ್ರಾನ್‌ನಿಂದ ಬರುವುದಿಲ್ಲ. ಮೂರು ವರ್ಷದ ಲೆಕ್ಕವಾದ್ದರಿಂದ ಆತಂಕವಾಗಿದೆ.

ಉತ್ತರ (ಹಾಸನ):
ಸಮಯ ಸರಿಯಾಗಿದೆ. ಆದರೆ ಕ್ರಾನ್ ನಿಮ್ಮ ಟರ್ಮಿನಲ್‌ನ ಸಿದ್ಧತೆಗಳನ್ನು ಓದದೆ, ಆದೇಶಗಳನ್ನು ಕೆಲವೇ ಫೋಲ್ಡರ್‌ಗಳಲ್ಲಿ ಹುಡುಕುವುದರಿಂದ, ಸ್ಕ್ರಿಪ್ಟಿಗೂ ಅದರೊಳಗಿನ ಪ್ರತಿಯೊಂದು ಆದೇಶಕ್ಕೂ ಮೂಲ ಫೋಲ್ಡರ್‌ನಿಂದ ಆರಂಭವಾಗುವ ಪೂರ್ಣ ಪಾತ್ (ಅದು ಇರುವ ಜಾಗದ ವಿಳಾಸ) ಕೊಡಬೇಕು. ಸಾಲಿನ ಕೊನೆಗೆ >> ಗುರುತು, ಒಂದು ಲಾಗ್ ಫೈಲಿನ ಹೆಸರು, ಅನಂತರ 2>&1 ಸೇರಿಸಿದರೆ ದೋಷದ ಸಂದೇಶವೂ ಅಲ್ಲೇ ದಾಖಲಾಗುತ್ತದೆ. ಊಹಿಸುವ ಮೊದಲು ದಯವಿಟ್ಟು ಅದನ್ನು ಓದಿರಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ದಿನಾಂಕಕ್ಕಾಗಿ % ಬಳಸಿದ್ದರೆ ಅದಕ್ಕಿಂತ ಮೊದಲು \ ಹಾಕಿ \% ಎಂದು ಬರೆಯಬೇಕು. ಇಲ್ಲದಿದ್ದರೆ ಕ್ರಾನ್ ಅದನ್ನು ಹೊಸ ಸಾಲೆಂದು ಎಣಿಸುತ್ತದೆ.

ಉತ್ತರ (ಸಕಲೇಶಪುರ):
ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಗಣಕ ಆ ಹೊತ್ತಿಗೆ ಆರಿದ್ದರೆ, ತಪ್ಪಿದ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ದಿನಕ್ಕೊಮ್ಮೆ ನಡೆದರೆ ಸಾಕಾದ ಇಂತಹ ಕೆಲಸಕ್ಕೆ, ತಪ್ಪಿದ ಕೆಲಸವನ್ನು ಗಣಕ ಮತ್ತೆ ಆರಂಭವಾದ ಮೇಲೆ ನಡೆಸುವ ಅನಾಕ್ರಾನ್ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಲಾಗ್‌ನಲ್ಲಿ ‘ಕಮಾಂಡ್ ನಾಟ್ ಫೌಂಡ್’ ಎಂದಿತ್ತು. ಪೂರ್ಣ ಪಾತ್ ಕೊಟ್ಟ ಮೇಲೆ ನಿನ್ನೆ ಸಂಜೆಯ ಪ್ರತಿ ಬಂದಿದೆ. ಇಬ್ಬರಿಗೂ ಕೃತಜ್ಞತೆಗಳು.