ರಾತ್ರಿಯಿಡೀ ಆಟ, ಹಗಲು ತುಂಡು ನಿದ್ರೆ: ಮರೆವಿಗೆ ಇದೇ ಕಾರಣವೇ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವನು, ವಯಸ್ಸು 46, ಯಕ್ಷಗಾನ ಮೇಳವೊಂದರಲ್ಲಿ ಮದ್ದಳೆಗಾರ. ಊರೂರು ಸುತ್ತಿ ಆಟವಾಡುವ ತಿರುಗಾಟ ಆರಂಭವಾದರೆ ಮೇ ಕೊನೆಯ ಪತ್ತನಾಜೆಯವರೆಗೂ ಬೆಳಗಾಗುವ ತನಕ ಆಟವಿರುತ್ತದೆ. ಹಗಲಿನಲ್ಲಿ ಎರಡು ಮೂರು ತುಂಡುಗಳಾಗಿ ಐದು ಗಂಟೆ ನಿದ್ರಿಸುತ್ತೇನೆ. ಈಚೆಗೆ ಪರಿಚಿತರ ಹೆಸರು ತಟ್ಟನೆ ನೆನಪಾಗುವುದಿಲ್ಲ. ಅಮ್ಮನಿಗೆ ಇಳಿವಯಸ್ಸಿನಲ್ಲಿ ಮರೆವಿನ ಕಾಯಿಲೆಯಿತ್ತು. ನನಗೂ ಅದೇ ಶುರುವಾಯಿತೇ? ಮಳೆಗಾಲದಲ್ಲಿ ಚೆನ್ನಾಗಿ ನಿದ್ರಿಸಿದರೆ ಸರಿಹೋದೀತೇ?

ಉತ್ತರ (ನರರೋಗ ತಜ್ಞರು): ಇಷ್ಟರಿಂದಲೇ ರೋಗವನ್ನು ನಿರ್ಣಯಿಸಲಾಗದು, ಆದರೂ ನಿಮ್ಮ ವಯಸ್ಸಿನಲ್ಲಿ ನಾನು ಮೊದಲು ಸಂಶಯಿಸುವುದು ನಿದ್ರೆಯ ಕೊರತೆಯನ್ನೇ. ನಿದ್ರೆಗೆಟ್ಟಾಗ ಗಮನ ಚದುರುತ್ತದೆ, ಗಮನವಿಟ್ಟು ಕೇಳದ ಹೆಸರು ನೆನಪಿನಲ್ಲಿ ನಿಲ್ಲುವುದೂ ಇಲ್ಲ. ಆದರೆ ಮದ್ದಳೆಯ ಮೇಲೆ ಕೈ ತಪ್ಪುತ್ತಿಲ್ಲವೆಂದು ನಿಶ್ಚಿಂತರಾಗಬೇಡಿ. ಕೈಗೆ ಹತ್ತಿದ ವಿದ್ಯೆಯ ನೆನಪು ಮೆದುಳಿನ ಬೇರೆ ಜಾಲಗಳಲ್ಲಿರುವುದರಿಂದ ಮರೆವಿನ ಕಾಯಿಲೆಯಲ್ಲೂ ಬಹುಕಾಲ ಉಳಿಯುತ್ತದೆ. ನಿನ್ನೆಯ ಮಾತುಕತೆಯೇ ಮರೆತುಹೋಗುವುದು, ಪರಿಚಿತ ದಾರಿ ತಪ್ಪುವುದು ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.

ದಿನದ ಅನುಭವಗಳು ಗಟ್ಟಿ ನೆನಪಾಗುವುದು ಬಹುಪಾಲು ಗಾಢನಿದ್ರೆಯಲ್ಲಿ. ನಿದ್ರೆಯಲ್ಲಿ ಮೆದುಳಿನ ಕೋಶಗಳ ನಡುವಿನ ಜಾಗ ಸುಮಾರು ಶೇಕಡಾ 60ರಷ್ಟು ಹಿಗ್ಗಿ, ಬೀಟಾ ಅಮೈಲಾಯ್ಡ್‌ನಂತಹ (ಮರೆವಿನ ಕಾಯಿಲೆಯಾದ ಅಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಶೇಖರವಾಗುವ ಪ್ರೋಟೀನು) ತ್ಯಾಜ್ಯ ಬೇಗ ತೊಳೆದುಹೋಗುತ್ತದೆಂದು 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ತೋರಿಸಿದರು; ಇದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇನ್ನೂ ನಡೆದಿದೆ. 2021ರಲ್ಲಿ ಪ್ರಕಟವಾದ ಬ್ರಿಟಿಷ್ ಸರ್ಕಾರಿ ನೌಕರರ ಅಧ್ಯಯನದಲ್ಲಿ, 50ರಿಂದ 70ರ ವಯಸ್ಸಿನವರೆಗೂ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸಿದವರಲ್ಲಿ ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಅಪಾಯ ಏಳು ಗಂಟೆ ನಿದ್ರಿಸಿದವರಿಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚಿತ್ತು. ಇದು ಸಂಬಂಧವಷ್ಟೇ, ಕಾರಣವೆಂಬ ಪುರಾವೆಯಲ್ಲ.

ಮಳೆಗಾಲದ ನಿದ್ರೆಯಿಂದ ದಣಿವು ಆರೀತು, ಮುಂದಿನ ತಿರುಗಾಟಕ್ಕೆಂದು ಅದನ್ನು ಕೂಡಿಡಲಾಗದು. ಆದ್ದರಿಂದ ಆಟ ಮುಗಿಸಿ ಬಂದೊಡನೆ ಕತ್ತಲೆ ಮಾಡಿದ ಕೋಣೆಯಲ್ಲಿ, ಫೋನ್ ದೂರವಿಟ್ಟು, ಒಂದೇ ಸಲಕ್ಕೆ ಐದಾರು ಗಂಟೆ ಮಲಗಿ. ಸಂಜೆ ಹೊರಡುವ ಮೊದಲು ಇನ್ನೊಂದು ತಾಸು ಮಲಗಿದರೆ ಏಳು ಗಂಟೆಯ ಹತ್ತಿರ ಬರುತ್ತದೆ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ನಡುರಾತ್ರಿಯ ನಂತರ ಚೌಕಿಯ (ವೇಷ ಕಟ್ಟುವ ಕೋಣೆಯ) ಚಹಾ ಬೇಡ. ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ; ಅದೂ ನಿದ್ರೆ ಕೆಡಿಸುತ್ತದೆ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆಗಳೂ ಆಗಲಿ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟದ ಬಗ್ಗೆ ಕಲಾಭಿಮಾನಿಗಳ ವಾದ ಏನೇ ಇರಲಿ, ವೈದ್ಯನಾಗಿ ನಾನು ಅದರ ಪಕ್ಷ.

ಮರುಪ್ರಶ್ನೆ: ಹಗಲು ಮಲಗಲು ನಿದ್ರೆಯ ಮಾತ್ರೆ ತೆಗೆದುಕೊಳ್ಳಬಹುದೇ, ಡಾಕ್ಟ್ರೇ?

ಉತ್ತರ: ನೀವಾಗಿಯೇ ಬೇಡ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೆಲವು ಮಾತ್ರೆಗಳು ಗಾಢನಿದ್ರೆಯನ್ನೇ ಕಡಿಮೆ ಮಾಡುತ್ತವೆ, ಅಭ್ಯಾಸವೂ ಆಗಿಬಿಡುತ್ತದೆ. ಅದಕ್ಕಿಂತ ತುರ್ತಿನ ವಿಷಯವೆಂದರೆ, ಆಟ ಮುಗಿಸಿ ತೂಕಡಿಸುತ್ತ ಬೈಕಿನಲ್ಲಿ ಬರುವ ರೂಢಿಯಿದ್ದರೆ ಅದನ್ನು ಇಂದೇ ನಿಲ್ಲಿಸಿ, ಮೇಳದ ವಾಹನದಲ್ಲೋ ಬೆಳಗಿನ ಬಸ್ಸಿನಲ್ಲೋ ಬನ್ನಿ.